ಎಳೆಯ ಮಕ್ಕಳ ಈಜುಶಿಕ್ಷಣ: ದೊಡ್ಡೇರಿ ಸೀಮೆಯ ಕೆರೆ ಬಾವಿಗಳ ಹಿನ್ನೆಲೆಯಲ್ಲಿ

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಹೋಬಳಿಗಳಲ್ಲಿ ದೊಡ್ಡೇರಿಯೂ ಒಂದು. ಏರಿಯೆಂದರೆ ಕೆರೆಯ ಕಟ್ಟೆ. ಊರಿನ ಹೆಸರನ್ನು ಬಿಡಿಸಿ ನೋಡಿದರೆ ಅದರಲ್ಲಿಯೇ ಕೆರೆಯ ನೆನಪು ಅಡಗಿದೆ. ಆದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೊಳಗೊಂಡ ಈ ಪ್ರದೇಶವು ಮಳೆ ಕಡಮೆಯಾದ ಬಯಲುಸೀಮೆಯೆಂದೇ ಪ್ರಸಿದ್ಧವಾಗಿದೆ. ನೀರಿನ ಅಭಾವವನ್ನು ಕುರಿತು ಚರ್ಚಿಸಬೇಕಾದ ಕಡೆಯಲ್ಲಿ ಮಕ್ಕಳ ಈಜನ್ನು ಕುರಿತು ಬರೆಯುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ನೀರು ವಿರಳವಾದಲ್ಲಿ ಈಜಬಲ್ಲವರೂ ವಿರಳವಾಗುತ್ತಾರೆ. ಆದುದರಿಂದ ನೀರು ಬಂದ ವರ್ಷವೇ ಅಪಾಯದ ವರ್ಷವಾಗುತ್ತದೆ. ಎಳೆವಯಸ್ಸಿನ ಈಜುಶಿಕ್ಷಣದಿಂದ ಆಗುವ ಪ್ರಯೋಜನವೇನು, ಅದರ ಮಿತಿಯೇನು, ಇಂಥ ಸೀಮೆಯಲ್ಲಿ ಅದನ್ನು ನಡೆಸುವ ಬಗೆ ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲಾಗಿದೆ.

ಹಿಂದೆ ಈ ಸೀಮೆಯ ಹಳ್ಳಿಗಳಲ್ಲಿ ಈಜನ್ನು ಕಲಿಸಲು ಪ್ರತ್ಯೇಕವಾದ ಶಾಲೆಯಿರಲಿಲ್ಲ. ಕಪಿಲೆ ಬಾವಿಯೇ ಶಾಲೆಯಾಗಿತ್ತು. ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ತಂದೆಯೋ ಸೋದರಮಾವನೋ ಮೆಟ್ಟಿಲ ಮೇಲೆ ನಿಂತು ನೀರಿಗೆ ಇಳಿಸುತ್ತಿದ್ದರು. ಕೆಲವು ದಿನಗಳಲ್ಲಿ ಬುರುಡೆಯೂ ಹಗ್ಗವೂ ಅನಾವಶ್ಯಕವಾಗುತ್ತಿದ್ದುವು. ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ಕುಸಿದ ಮೇಲೆ ತೆರೆದ ಬಾವಿಗಳು ಬತ್ತಿದುವು; ಕೆರೆಗಳೂ ಅನೇಕ ವರ್ಷ ತುಂಬದೆ ಉಳಿದುವು. ಹೀಗೆ ಯಾರೂ ಮುಚ್ಚದಿದ್ದರೂ ಆ ಶಾಲೆ ತಾನಾಗಿಯೇ ಮುಚ್ಚಿಹೋಯಿತು. ಆ ಶಾಲೆಯಲ್ಲಿಯೂ ಹೆಣ್ಣುಮಕ್ಕಳಿಗೆ ಸ್ಥಾನ ದೊರೆತದ್ದು ಅಪರೂಪ ಎಂಬುದನ್ನು ಮರೆಯಬಾರದು.

2021 ಮತ್ತು 2022ರ ಭಾರಿ ಮಳೆಗಳಲ್ಲಿ ಜಿಲ್ಲೆಯ ಅನೇಕ ಕೆರೆಗಳು ಬಹುಕಾಲದ ಮೇಲೆ ತುಂಬಿದುವು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯೂ ಮೈದುಂಬಿ ಹರಿಯಿತು. ತುಂಬಿದ ಕೆರೆಯನ್ನೇ ಕಾಣದೆ ಬೆಳೆದ ಮಕ್ಕಳು ಏರಿಯ ಮೇಲೆ ನೆರೆದರು. ಕೆರೆಯಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು ನೀರಿನ ಕೆಳಗೆ ಮರೆಯಾಗಿರುತ್ತವೆ; ಮೊಣಕಾಲುದ್ದದ ನೀರು ಒಂದು ಹೆಜ್ಜೆ ಮುಂದೆ ಆಳುದ್ದವಾಗುತ್ತದೆ. ಇದಲ್ಲದೆ, 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಮೂಲಕ ಹೊಲಗಳಲ್ಲಿ ಕೃಷಿಹೊಂಡಗಳು ಹರಡಿವೆ. ಒಣಬೇಸಾಯಕ್ಕೆ ಇವು ಬಹಳ ಉಪಕಾರಿ. ಆದರೆ ನೀರು ಇಂಗದಂತೆ ಹಾಸಿದ ಪಾಲಿಥೀನ್ ಹೊದಿಕೆ ಒದ್ದೆಯಾದಾಗ ಅತಿಯಾಗಿ ಜಾರುವುದರಿಂದ, ಒಳಗೆ ಬಿದ್ದವನಿಗೆ, ಅವನು ಬೆಳೆದವನೇ ಆಗಿರಲಿ, ಮೇಲೆ ಹತ್ತಿಬರಲು ಹಿಡಿತ ದೊರೆಯುವುದಿಲ್ಲ.

ಈ ಸಮಸ್ಯೆ ಒಂದು ಸೀಮೆಗೆ ಸೀಮಿತವಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ಲೋಕದಾದ್ಯಂತ ಸುಮಾರು 3,00,000 ಮಂದಿ ನೀರಿನಲ್ಲಿ ಮುಳುಗಿ ಮೃತಪಟ್ಟರು. ಅವರಲ್ಲಿ ಹೆಚ್ಚುಕಡಮೆ ನಾಲ್ಕರಲ್ಲೊಂದು ಪಾಲು ಐದು ವರ್ಷ ತುಂಬದ ಮಕ್ಕಳು. ಭಾರತದಲ್ಲಿ ವರ್ಷವೊಂದಕ್ಕೆ 30,000ಕ್ಕೂ ಹೆಚ್ಚು ಮರಣಗಳು ಹೀಗೆ ದಾಖಲಾಗುತ್ತವೆ. ಈ ವಿಷಯವಾಗಿ ಕೇಂದ್ರ ಆರೋಗ್ಯ ಸಚಿವಾಲಯವು ಒಂದು ಕಾರ್ಯನೀತಿಯನ್ನು 2023ರಲ್ಲಿ ಹೊರಡಿಸಿತು.

ಎಳೆಯ ಮಕ್ಕಳಿಗೆ ಅಪಾಯ ಹೆಚ್ಚಾಗಿರಲು ಶಾರೀರಿಕವಾದ ಕಾರಣಗಳಿವೆ. ಶಿಶುವಿನ ತಲೆ ದೇಹದ ಉಳಿದ ಭಾಗಕ್ಕೆ ಹೋಲಿಸಿದರೆ ಭಾರವಾದುದು. ತೊಟ್ಟಿಯೊಳಕ್ಕೆ ಬಗ್ಗಿದ ಮಗು ತಲೆಕೆಳಗಾಗಿ ಬೀಳುತ್ತದೆ, ಎದ್ದುಕೊಳ್ಳಲಾರದು. ಗೇಣುದ್ದದ ನೀರೂ ಇದಕ್ಕೆ ಸಾಕು. ಮುಳುಗುವವರು ಕೂಗಿ ಕೈಬೀಸುತ್ತಾರೆಂಬ ನಂಬಿಕೆಯೂ ಬಹುಮಟ್ಟಿಗೆ ತಪ್ಪು. ಉಸಿರಿಗಾಗಿ ಹೋರಾಡುವ ಬಾಯಿಗೆ ಕೂಗಲು ಅವಕಾಶವಿರುವುದಿಲ್ಲ. ಮಗು ಸದ್ದಿಲ್ಲದೆ ಮುಳುಗುತ್ತದೆ. ಕೆಲವೇ ನಿಮಿಷಗಳಲ್ಲಿ ಆಮ್ಲಜನಕವಿಲ್ಲದೆ ಮಿದುಳಿಗೆ ಹಾನಿಯಾಗುತ್ತದೆ.

ಈಜುಶಿಕ್ಷಣ ಇದನ್ನು ತಡೆಯಬಲ್ಲುದೆ? ಈಜು ಕಲಿತ ಮಗು ನೀರಿನ ಹತ್ತಿರ ಧೈರ್ಯದಿಂದ ಸುಳಿದಾಡಿ ಇನ್ನೂ ಹೆಚ್ಚಿನ ಅಪಾಯಕ್ಕೆ ಒಳಗಾಗಬಹುದೆಂಬ ಶಂಕೆ ವೈದ್ಯರಲ್ಲಿ ಬಹಳ ಕಾಲ ಇತ್ತು. ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಶಂಕೆಗೆ ಆಧಾರವಿಲ್ಲವೆಂದು ತೋರಿಸಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ, ಮುಳುಗಿ ಸತ್ತವರ ಪೈಕಿ ಕ್ರಮವಾಗಿ ಈಜು ಕಲಿತಿದ್ದವರು ನೂರಕ್ಕೆ 3. ಹೋಲಿಕೆಗಾಗಿ ಆರಿಸಿದ ಇತರ ಮಕ್ಕಳಲ್ಲಿ ನೂರಕ್ಕೆ 26. ಪರೀಕ್ಷೆಗೆ ಒಳಗಾದ ಮಕ್ಕಳ ಸಂಖ್ಯೆ ಚಿಕ್ಕದಾದುದರಿಂದ ಅಂಕಿಗಳನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಆದರೆ ಶಿಕ್ಷಣದಿಂದ ಅಪಾಯ ಹೆಚ್ಚುವುದಿಲ್ಲವೆಂಬುದು ಸ್ಪಷ್ಟವಾಯಿತು. ನಮ್ಮ ಹಳ್ಳಿಗಳಿಗೆ ಹೆಚ್ಚು ಸಮೀಪವಾದ ನಿದರ್ಶನ ಬಾಂಗ್ಲಾದೇಶದ್ದು. ಅಲ್ಲಿ ಊರ ಕೊಳಗಳಲ್ಲಿಯೇ ಬಿದಿರಿನ ಅಟ್ಟಣೆ ಕಟ್ಟಿ, ಊರಿನವರನ್ನೇ ಬೋಧಕರನ್ನಾಗಿ ತರಬೇತುಗೊಳಿಸಿ, ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಪಾಠ ಹೇಳಲಾಯಿತು. 25 ಮೀಟರು ಈಜುವುದು, 30 ಸೆಕೆಂಡು ತೇಲುವುದು ಉತ್ತೀರ್ಣತೆಯ ಅಳತೆ. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಬಹುವಾಗಿ ತಗ್ಗಿತೆಂದು 2012ರ ಅಧ್ಯಯನ ತಿಳಿಸುತ್ತದೆ.

ಪ್ರಾಣರಕ್ಷಣೆಯ ಹೊರತು ಬೇರೆ ಪ್ರಯೋಜನಗಳೂ ಉಂಟು. ನೀರು ದೇಹದ ಭಾರವನ್ನು ಹೊರುವುದರಿಂದ ಕೈಕಾಲುಗಳು ನೆಲದ ಮೇಲೆ ಸಾಧ್ಯವಾಗದ ರೀತಿಯಲ್ಲಿ ಚಲಿಸುತ್ತವೆ; ಉಸಿರನ್ನು ಚಲನೆಗೆ ಹೊಂದಿಸಿಕೊಳ್ಳುವ ಅಭ್ಯಾಸವಾಗುತ್ತದೆ. ಶೈಶವದಲ್ಲಿ ನೀರಾಟದ ಅಭ್ಯಾಸ ಪಡೆದ ಮಕ್ಕಳು ನಾಲ್ಕು ವರ್ಷದ ಹೊತ್ತಿಗೆ ಸಮತೋಲನದಲ್ಲಿಯೂ ವಸ್ತುಗಳನ್ನು ಹಿಡಿಯುವುದರಲ್ಲಿಯೂ ಮುಂದಿದ್ದುದನ್ನು ನಾರ್ವೆಯ ವಿದ್ವಾಂಸರು 2010ರಲ್ಲಿ ವರದಿಮಾಡಿದರು. ಆದರೆ ಅವರು ಪರೀಕ್ಷಿಸಿದ್ದು ಎರಡು ಗುಂಪುಗಳಲ್ಲಿ ತಲಾ 19 ಮಕ್ಕಳನ್ನು ಮಾತ್ರ. ಮಗುವನ್ನು ಈಜಿಗೆ ಕಳಿಸುವ ಮನೆಗಳಲ್ಲಿ ಇತರ ಅನುಕೂಲಗಳೂ ಇರುವುದು ಸಹಜವಾದುದರಿಂದ, ಈಜಿನಿಂದ ಬುದ್ಧಿ ಬೆಳೆಯುತ್ತದೆಂಬ ಹೇಳಿಕೆಗಳನ್ನು ಸಿದ್ಧಾಂತವೆಂದು ಎಣಿಸಲಾಗದು.

ಇನ್ನು ಮಿತಿಗಳನ್ನು ನೋಡೋಣ. ಹಸುಗೂಸನ್ನು ನೀರಿನಲ್ಲಿ ಬಿಟ್ಟರೆ ಅದು ಕೈಕಾಲು ಬಡಿಯುವುದು ನಿಜ. ಅಮೆರಿಕದ ಮನೋವಿಜ್ಞಾನಿ ಮರ್ಟಲ್ ಮೆಗ್ರಾ 1939ರಲ್ಲಿಯೇ ಇದನ್ನು ವರ್ಣಿಸಿದಳು. ಆದರೆ ಇದು ಪ್ರತಿಕ್ರಿಯೆಯೇ ಹೊರತು ಈಜಲ್ಲ. ಕೆಲವು ತಿಂಗಳುಗಳಲ್ಲಿ ಅಡಗಿಹೋಗುತ್ತದೆ. ಉಸಿರಾಡಲು ತಲೆಯೆತ್ತುವ ಶಕ್ತಿ ಶಿಶುವಿಗಿಲ್ಲ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ವಯಸ್ಸಿಗೆ ತಕ್ಕಂತೆ ಎರಡು ಉಪಾಯಗಳನ್ನು ಹೇಳುತ್ತದೆ: ಶಾಲೆಗೆ ಸೇರುವ ಮುನ್ನಿನ ಮಕ್ಕಳಿಗೆ ಹಗಲಿನ ಪಾಲನಾಗೃಹ, ಆರು ವರ್ಷ ದಾಟಿದವರಿಗೆ ಈಜು ಮತ್ತು ಜಲಸುರಕ್ಷತೆಯ ಮೂಲಶಿಕ್ಷಣ. ಒಂದು ವರ್ಷವಾದ ಮೇಲೆ ಪಾಠ ಆರಂಭಿಸಬಹುದೆಂಬ ಅಮೆರಿಕದ ಮಕ್ಕಳವೈದ್ಯರ ಸಲಹೆ ಕಾವಲುಗಾರರಿರುವ ಈಜುಕೊಳಗಳನ್ನು ಬಲ್ಲ ಸಮಾಜಕ್ಕೆ ಒಪ್ಪುವಂಥದು. ತಾಯಿತಂದೆಗಳು ಕೂಲಿಗೆ ಹೋಗುವ ಹಳ್ಳಿಯಲ್ಲಿ ಎಳೆಮಗುವಿಗೆ ಮೊದಲ ರಕ್ಷಣೆ ಅಂಗನವಾಡಿಯೇ. 2023ರಲ್ಲಿ ಕರ್ನಾಟಕ ಸರ್ಕಾರವು ಕೂಲಿಕಾರ ತಾಯಂದಿರ ಶಿಶುಗಳಿಗಾಗಿ ಗ್ರಾಮಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ಯನ್ನೂ ಈ ದೃಷ್ಟಿಯಿಂದ ನೋಡಬೇಕು.

ದೊಡ್ಡೇರಿಯಂಥ ಕಡೆ ಈ ಶಿಕ್ಷಣವನ್ನು ನಡೆಸಲು ಅಮೃತಶಿಲೆಯ ಕೊಳ ಬೇಕಿಲ್ಲ. ಮಳೆಗಾಲ ಕಳೆದು ಕೆರೆಯ ನೀರು ತಿಳಿಯಾದ ಮೇಲೆ, ಹಿರಿಯರು ತಳವನ್ನು ಕಾಲಿನಿಂದ ತಡವಿ ಗುಂಡಿಗಳಿಲ್ಲವೆಂದು ಖಚಿತಪಡಿಸಿಕೊಂಡು, ಮಗುವಿನ ಎದೆಮಟ್ಟಕ್ಕೆ ಮೀರದ ಜಾಗವನ್ನು ಗಳುಗಳಿಂದಲೂ ಹಗ್ಗದಿಂದಲೂ ಸುತ್ತುವರಿದರೆ ಸಾಕು. ನೀರಿನೊಳಗೆ ಉಸಿರುಬಿಡುವುದು, ಬೆನ್ನಮೇಲೆ ತೇಲುವುದು, ಬಿದ್ದೊಡನೆ ತಿರುಗಿ ದಡವನ್ನು ಹಿಡಿಯುವುದು, ಆಮೇಲೆ ದೂರ ಈಜುವುದು ಎಂಬುದು ಪಾಠಗಳ ಕ್ರಮ. ತೇಲುವುದಕ್ಕೆ ಮೊದಲು ವೇಗವನ್ನು ಕಲಿಸುವುದು ತಪ್ಪು. ಹೆಣ್ಣುಮಕ್ಕಳಿಗೆ ಹೆಂಗಸರೇ ಬೋಧಕರಾಗಿ ದೊರೆಯುವಂತೆ ಮಾಡಬೇಕು. ಬಟ್ಟೆಬರೆಗಳೊಡನೆ ಕೆರೆಯಂಚಿಗೆ ಹೋಗುವವರು ಹೆಚ್ಚಾಗಿ ಅವರೇ ಅಲ್ಲವೆ? ಕೃಷಿಹೊಂಡಗಳಲ್ಲಿ ಮಾತ್ರ ಪಾಠ ನಡೆಸಕೂಡದು. ಅವುಗಳಿಗೆ ಬೇಲಿಯನ್ನು ಹಾಕಿ, ನಾಲ್ಕು ಮೂಲೆಗಳಿಂದಲೂ ಗಂಟುಹಾಕಿದ ಹಗ್ಗಗಳನ್ನು ಒಳಕ್ಕೆ ಇಳಿಬಿಡಬೇಕು.

ಈಜಿನೊಡನೆ ರಕ್ಷಣೆಯ ವಿಧಾನವನ್ನೂ ಹೇಳಿಕೊಡುವುದು ಅವಶ್ಯಕ. ಮುಳುಗುತ್ತಿರುವ ಒಬ್ಬನನ್ನು ಹಿಡಿಯಲು ಹೋಗಿ ಇಬ್ಬರು ಮೂವರು ಒಟ್ಟಿಗೆ ಮಡಿಯುವುದು ನಮ್ಮಲ್ಲಿ ಪದೇ ಪದೇ ಸಂಭವಿಸುತ್ತದೆ. ಮಕ್ಕಳು ತಾವು ನೀರಿಗೆ ಹಾರದೆ ಹಿರಿಯರನ್ನು ಕೂಗಬೇಕು. ದಡದಲ್ಲಿದ್ದುಕೊಂಡೇ ಸೀರೆ, ಪಂಚೆ, ಕೋಲು ಇವುಗಳಲ್ಲೊಂದನ್ನು ಚಾಚಬೇಕು, ಇಲ್ಲವೆ ಖಾಲಿ ಬಿಂದಿಗೆಯನ್ನು ಎಸೆಯಬೇಕು. ಮೇಲೆತ್ತಿದವನನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದೂ ಹೊಟ್ಟೆಯನ್ನು ಅಮುಕುವುದೂ ಹಳೆಯ ರೂಢಿ. ಇದರಿಂದ ಅಮೂಲ್ಯವಾದ ಕ್ಷಣಗಳು ವ್ಯರ್ಥವಾಗುತ್ತವೆ. ಉಸಿರು ನಿಂತಿದ್ದರೆ ಒಡನೆಯೇ ಬಾಯಿಯಿಂದ ಉಸಿರನ್ನು ಊದಿ, ಎದೆಯನ್ನು ಒತ್ತುವುದೇ ಸರಿಯಾದ ಚಿಕಿತ್ಸೆ. ಆ ವೇಳೆಗೆ 108ಕ್ಕೆ ಕರೆಹೋಗಿರಬೇಕು.

ಕೆರೆಯನ್ನು ತುಂಬಿಸುವುದು ಮಳೆಯ ಕೆಲಸ, ಹೂಳು ತೆಗೆಯುವುದು ಊರಿನ ಕೆಲಸ. ತುಂಬಿದ ಕೆರೆಯ ಅಂಚಿನಲ್ಲಿ ಮಗು ಬದುಕಿಕೊಳ್ಳುವಂತೆ ಮಾಡುವುದೂ ಊರಿನ ಕೆಲಸವೇ ಎಂದು ಎಣಿಸಿದರೆ, ಬತ್ತಿದ ಬಾವಿಗಳೊಡನೆ ಅಳಿದ ವಿದ್ಯೆಯನ್ನು ಗಂಡುಹೆಣ್ಣೆಂಬ ಭೇದವಿಲ್ಲದೆ ಮುಂದಿನ ಪೀಳಿಗೆಗೆ ಮರಳಿ ಕೊಟ್ಟಂತಾಗುತ್ತದೆ. ಇದಕ್ಕೆ ಬೇಕಾದುದು ನಾಲ್ಕಾರು ಗಳು, ಒಂದು ಹಗ್ಗ, ಕಲಿಸಬಲ್ಲ ಇಬ್ಬರು ಹಿರಿಯರು ಮತ್ತು ಮುಂದಿನ ಮಳೆಗಾಲಕ್ಕೆ ಮೊದಲೇ ಮಾಡಿಕೊಂಡ ಏರ್ಪಾಡು.