ತಪ್ಪು ಗಂಡಸರದು, ದಂಡ ಹೆಣ್ಣುಮಕ್ಕಳಿಗೆ

ಸಹೋದರಿಯರೇ, ಮನೆಯ ಯಜಮಾನ ಸಾಲ ಮಾಡಿಕೊಂಡರೆ ಮೊದಲು ನಿಲ್ಲುವ ಖರ್ಚು ಯಾವುದು? ದಾಂಡೇಲಿಯಿರಲಿ, ಹಳಿಯಾಳವಿರಲಿ, ಜೋಯಿಡಾ, ಮುಂಡಗೋಡವಿರಲಿ, ಎಷ್ಟೋ ಮನೆಗಳಲ್ಲಿ ಮಗಳ ಕಾಲೇಜು ಫೀಸಿಗೇ ಮೊದಲು ಕತ್ತರಿ ಬೀಳುತ್ತದೆ. ಕೋಟಿಗಳಲ್ಲಿ ವ್ಯವಹರಿಸುವ ಫುಟ್‌ಬಾಲ್ ಕ್ಲಬ್ಬುಗಳೂ ಇದಕ್ಕೆ ಹೊರತಲ್ಲ.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್‌ನಿಂದ ಗೋಲು ಹೊಡೆದರು. ತಾವು ಸಿದ್ಧರಾಗುವ ಮೊದಲೇ ಚೆಂಡು ಒದ್ದರೆಂದು ತಕರಾರು ತೆಗೆದ ಕೇರಳ ಬ್ಲಾಸ್ಟರ್ಸ್ ಆಟಗಾರರು ಪಂದ್ಯವನ್ನೇ ಬಿಟ್ಟು ಹೊರನಡೆದರು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ 6 ಕೋಟಿ! ತರಬೇತುದಾರರಿಗೆ 5 ಲಕ್ಷ ದಂಡ, 10 ಪಂದ್ಯಗಳ ನಿಷೇಧ. ಜೂನ್‌ನಲ್ಲಿ ಮೇಲ್ಮನವಿಯೂ ತಿರಸ್ಕೃತವಾಯಿತು. ಕೆಲವೇ ದಿನಗಳಲ್ಲಿ ಕ್ಲಬ್ಬು, ಈ ದಂಡದಿಂದಾದ ಹಣದ ಮುಗ್ಗಟ್ಟಿನ ಕಾರಣ ನೀಡಿ, ಒಂದು ವರ್ಷವೂ ತುಂಬದ ತನ್ನ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಮೈದಾನ ಬಿಟ್ಟುಹೋದವರು ಗಂಡಸರು. ಮೈದಾನ ಕಳೆದುಕೊಂಡವರು ಹೆಣ್ಣುಮಕ್ಕಳು. ಪುರುಷರ ತಂಡ ಮುಂದಿನ ವರ್ಷವೂ ಆಡಿತು.

ಅಶಿಸ್ತಿಗೆ ದಂಡ ಬೇಕು, ನಿಜ. ಇಂಗ್ಲೆಂಡಿನಲ್ಲಿ ಮಿತಿಮೀರಿ ನಷ್ಟ ಮಾಡಿಕೊಂಡ ಎವರ್ಟನ್ ಕ್ಲಬ್ಬಿಗೆ 2023ರ ನವೆಂಬರ್‌ನಲ್ಲಿ 10 ಅಂಕಗಳನ್ನು ಕಡಿತಗೊಳಿಸಲಾಯಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಅಂಕ ಕಳೆದರೆ ಪೆಟ್ಟು ಆ ತಂಡಕ್ಕೇ ತಟ್ಟುತ್ತದೆ. ಹಣದ ದಂಡವಾದರೋ ಮನೆಯಲ್ಲಿ ದುರ್ಬಲರ ಹೆಗಲಿಗೆ ಜಾರುತ್ತದೆ. ದಂಡ ಎಷ್ಟೆಂದು ಹೇಳಿದರೆ ಸಾಲದು, ಯಾರ ಪಾಲಿನಿಂದ ಕಟ್ಟಬೇಕೆಂದೂ ಹೇಳಬೇಕು. ಅದೇ ನ್ಯಾಯ.

ನಿಮ್ಮ ಮನೆಯಲ್ಲೂ ಖರ್ಚು ಕಡಿಮೆ ಮಾಡುವ ದಿನ ಬಂದರೆ, ಮಗಳ ಫೀಸಿಗೆ ಕೈಹಾಕುವ ಮುನ್ನ ಒಮ್ಮೆ ಕೇಳಿ: ಸಾಲ ಮಾಡಿದವರು ಯಾರು?