ಮಾಚಿಕಾಯಿ: ಕಾಯಿಯಲ್ಲದ ಕಾಯಿ

ಗ್ರಂಧಿಗೆ ಅಂಗಡಿಯಲ್ಲಿ ದೊರೆಯುವ ಮಾಚಿಕಾಯಿಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಗೋಲಿಯ ಗಾತ್ರ, ಕಲ್ಲಿನಂಥ ಗಡಸು, ಮೈಮೇಲೆ ಅಲ್ಲಲ್ಲಿ ಮೊಂಡು ಗುಬುಟುಗಳು. ನಾಟಿ ಔಷಧಿಯಾಗಿ ಅದನ್ನು ತೇದು ಬಳಸುವ ರೂಢಿ ಹಳೆಯದು. ಆದರೆ ಹೆಸರಿನಲ್ಲಿ ಕಾಯಿ ಇದ್ದರೂ ಅದು ಕಾಯಿಯಲ್ಲ. ಒಡೆದು ನೋಡಿದರೆ ಬೀಜ ಕಾಣದು. ನಡುವೆ ಒಂದು ಪುಟ್ಟ ಕೋಣೆ ಕಾಣುತ್ತದೆ. ಅದೊಂದು ಕೀಟದ ತೊಟ್ಟಿಲು.

ತುರ್ಕಿ, ಸಿರಿಯ, ಇರಾಕ್, ಇರಾನ್ ದೇಶಗಳ ಬೆಟ್ಟಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರ ಇದರ ತವರು. ಅರ್ಧ ಸೆಂಟಿಮೀಟರಿನಷ್ಟು ಉದ್ದದ ಒಂದು ಕಣಜ ಆ ಮರದ ಮೊಗ್ಗಿನೊಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಮರಿಹುಳು ಬೆಳೆಯತೊಡಗಿದಂತೆ ಸುತ್ತಲಿನ ಜೀವಕೋಶಗಳು ತಮ್ಮ ಹಾದಿ ಬಿಡುತ್ತವೆ. ಚಿಗುರಾಗಬೇಕಾದವು ಹುಳುವಿನ ಸುತ್ತ ಗಂಟಾಗಿ ಬೆಳೆಯುತ್ತವೆ. ಒಳಪದರದಲ್ಲಿ ಹುಳುವಿಗೆ ಪುಷ್ಟಿಕರವಾದ ಆಹಾರ. ಹೊರಪದರದಲ್ಲಿ ಒಗರಾದ ಟ್ಯಾನಿನ್. ಮನೆಯನ್ನು ಕಟ್ಟುವುದು ಮರ, ನಕ್ಷೆ ಮಾತ್ರ ಹುಳುವಿನದು. ಒಂದೇ ಓಕ್ ಮರದಲ್ಲಿ ಬೇರೆ ಬೇರೆ ಜಾತಿಯ ಕಣಜಗಳು ಬೇರೆ ಬೇರೆ ಆಕಾರದ ಗಂಟುಗಳನ್ನು ಬೆಳೆಯಿಸಿಕೊಳ್ಳುವುದೇ ಇದಕ್ಕೆ ಸಾಕ್ಷಿ. ಇಂಥ ಗಂಟುಗಳ ಮೂಲ ಕೀಟದ ಮೊಟ್ಟೆಯೆಂಬುದನ್ನು ಇಟಲಿಯ ಮಾಲ್ಪೀಗಿ 1679ರಲ್ಲಿಯೇ ತೋರಿಸಿಕೊಟ್ಟನು.

ಈ ಕಣಜಗಳ ಬಳಗದಲ್ಲಿ ಇನ್ನೂ ದೊಡ್ಡ ಸೋಜಿಗವೊಂದಿದೆ. ಯೂರೋಪಿನ ಓಕ್ ಎಲೆಗಳ ಅಡಿಯಲ್ಲಿ ಶರತ್ಕಾಲದಲ್ಲಿ ಚಪ್ಪಟೆ ಬಿಲ್ಲೆಗಳಂಥ ಗಂಟುಗಳು ಕಾಣುತ್ತವೆ. ಅವು ನೆಲಕ್ಕುದುರಿ, ತರಗೆಲೆಗಳ ಮರೆಯಲ್ಲಿ ಚಳಿಗಾಲವನ್ನು ಕಳೆಯುತ್ತವೆ. ವಸಂತದಲ್ಲಿ ಅವುಗಳಿಂದ ಹೊರಬರುವ ಕಣಜಗಳೆಲ್ಲವೂ ಹೆಣ್ಣು. ಗಂಡಿನ ಸಂಪರ್ಕವಿಲ್ಲದೆಯೇ ಅವು ಮೊಗ್ಗುಗಳಲ್ಲಿ ಮೊಟ್ಟೆಯಿಡುತ್ತವೆ. ಆಗ ಹೂಗೊಂಚಲುಗಳ ಮೇಲೂ ಎಳೆಯೆಲೆಗಳ ಮೇಲೂ ಮೂಡುವುದು ಬಿಲ್ಲೆಯಲ್ಲ. ಸಣ್ಣ ದ್ರಾಕ್ಷಿಯಂಥ ರಸಭರಿತ ಗುಂಡು! ಬೇಸಗೆಯಲ್ಲಿ ಅದರಿಂದ ಗಂಡು, ಹೆಣ್ಣು ಎರಡೂ ಹೊರಬರುತ್ತವೆ. ಅವುಗಳು ಕೂಡಿದ ಬಳಿಕ ಎಲೆಯಲ್ಲಿಟ್ಟ ಮೊಟ್ಟೆಗಳಿಂದ ಮತ್ತೆ ಬಿಲ್ಲೆಗಳು. ಮಗಳು ತಾಯಿಯನ್ನು ಹೋಲಳು, ಅಜ್ಜಿಯನ್ನು ಹೋಲುವಳು. ಆದುದರಿಂದ ವಿದ್ವಾಂಸರು ತಾಯಿಗೂ ಮಗಳಿಗೂ ಬೇರೆ ಬೇರೆ ಕುಲದ ಹೆಸರಿಟ್ಟಿದ್ದರು. ಜರ್ಮನಿಯ ಷ್ಲೆಸ್‌ವಿಗ್‌ನ ವೈದ್ಯ ಹೆರ್ಮನ್ ಆಡ್ಲರ್ ಓಕ್ ಸಸಿಗಳ ಮೇಲೆ ಕಣಜಗಳನ್ನು ಬಿಟ್ಟು, ತಾಳ್ಮೆಯಿಂದ ಪೀಳಿಗೆಗಳನ್ನು ಹಿಂಬಾಲಿಸಿ, 1881ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಗೊಂದಲವನ್ನು ಬಿಡಿಸಿದನು.

ಇಷ್ಟು ಗಟ್ಟಿಯಾದ ಮನೆಯೂ ಅಭೇದ್ಯವಲ್ಲ. ಕೆಲವು ಪರಾವಲಂಬಿ ಕಣಜಗಳು ತಮ್ಮ ಉದ್ದನೆಯ ಅಂಡನಾಳವನ್ನು ಗಂಟಿನೊಳಕ್ಕೆ ತೂರಿಸಿ ಮೊಟ್ಟೆಯಿಡುತ್ತವೆ. ಅವುಗಳ ಮರಿಗೆ ಮನೆಯೊಡೆಯನೇ ಆಹಾರ. ಮತ್ತೆ ಕೆಲವು ಕಣಜಗಳು ಬಾಡಿಗೆ ಕೊಡದ ಒಕ್ಕಲಿನಂತೆ ಒಳಸೇರಿ ಗಂಟನ್ನೇ ತಿಂದು ಬೆಳೆಯುತ್ತವೆ.

ಮಾಚಿಕಾಯಿಯ ಹುಳುವಿಗೆ ಇವುಗಳ ಜೊತೆಗೆ ಇನ್ನೊಬ್ಬ ಶತ್ರುವೂ ಇದ್ದಾನೆ: ಮನುಷ್ಯ. ಈ ಗಂಟಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಟ್ಯಾನಿನ್ ಆಗಿರಬಹುದು. ಅದರ ಕಷಾಯಕ್ಕೆ ಅನ್ನಭೇದಿಯನ್ನೂ ಗೋಂದನ್ನೂ ಬೆರೆಸಿದರೆ, ಗಾಳಿ ತಗುಲಿದಂತೆ ಕಡುಕಪ್ಪಾಗುವ ಶಾಯಿ ಸಿದ್ಧ. ಯೂರೋಪಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಗ್ರಂಥಗಳನ್ನೂ ಶಾಸನಪತ್ರಗಳನ್ನೂ ಬರೆದದ್ದು ಇಂಥ ಶಾಯಿಯಿಂದ. ಸಂಗೀತಗಾರ ಬಾಖ್ ತನ್ನ ರಚನೆಗಳನ್ನು ಬರೆದಿಟ್ಟುದೂ ಇದರಿಂದಲೇ. ಅದೇ ಶಾಯಿ ಕಾಲಕ್ರಮದಲ್ಲಿ ಕಾಗದವನ್ನು ತಿನ್ನತೊಡಗಿ, ಹಸ್ತಪ್ರತಿಗಳನ್ನು ಕಾಪಾಡುವವರಿಗೆ ತಲೆನೋವಾಗಿದೆ.

ಬೆಳೆದ ಕಣಜ ಗಂಟನ್ನು ಕಡಿದು ದುಂಡನೆಯ ತೂತು ಮಾಡಿಕೊಂಡು ಹಾರಿಹೋಗುತ್ತದೆ. ಹಾಗೆ ತೂತಾದ ಗಂಟು ಬಿಳಿಚಿ ಹಗುರವಾಗುತ್ತದೆ; ಅದರಲ್ಲಿ ಟ್ಯಾನಿನ್ ಕಡಮೆ, ಬೆಲೆಯೂ ಕಡಮೆ. ಆದುದರಿಂದ ಕಣಜ ಹೊರಬರುವ ಮುನ್ನವೇ ಗಂಟುಗಳನ್ನು ಕೊಯ್ಯುತ್ತಾರೆ. ಮಾಚಿಕಾಯಿಯೊಂದು ಕೈಗೆ ಸಿಕ್ಕಾಗ ತಿರುಗಿಸಿ ನೋಡಿ. ತೂತಿದ್ದರೆ ಅದರೊಳಗೆ ಬೆಳೆದ ಕೀಟ ಓಕ್ ಕಾಡಿಗೆ ಹಾರಿಹೋಗಿದೆ. ತೂತಿಲ್ಲದಿದ್ದರೆ ಅದು ಇನ್ನೂ ಒಳಗೇ ಇದೆ.