ಅದಿರಿನೊಳಗಿನ ಎಲೆ, ಬೇರು
ಬಾಕ್ಸೈಟು ಕಲ್ಲಲ್ಲವೇ, ಅದರಲ್ಲಿ ಸಾವಯವ ಕಸ ಎಲ್ಲಿಂದ ಬಂತು? ನಮ್ಮ ಅಲ್ಯುಮಿನಾ ಲ್ಯಾಬಿಗೆ ಹೊಸದಾಗಿ ಬಂದ ಹುಡುಗರು ಕೇಳುವ ಮೊದಲ ಪ್ರಶ್ನೆ ಇದು. ಅದಿರು ಸಿಗುವುದು ಹೆಚ್ಚಾಗಿ ಮೇಲ್ಪದರದಲ್ಲಿ. ಬೇರು, ಕೊಳೆತ ಎಲೆ ಅದರೊಂದಿಗೇ ಬರುತ್ತವೆ.

ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯಲು ಕಾರ್ಲ್ ಜೋಸೆಫ್ ಬಾಯರ್ 1888ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇಂದಿಗೂ ನಡೆದಿದೆ, ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲೂ. ಅದಿರಿನ ಪುಡಿಯನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸುತ್ತಾರೆ. ಕಸವೂ ಕರಗುತ್ತದೆ. ದ್ರಾವಣವನ್ನು ಎಸೆಯದೆ ಮತ್ತೆ ಮತ್ತೆ ಬಳಸುವುದರಿಂದ ಕಸದ ಪ್ರಮಾಣ ಸುತ್ತು ಸುತ್ತಿಗೂ ಏರುತ್ತದೆ. ದೊಡ್ಡ ಅಣುಗಳು ಒಡೆದು ಫಾರ್ಮೇಟ್, ಅಸಿಟೇಟ್, ಸಕ್ಸಿನೇಟ್, ಆಕ್ಸಲೇಟ್ ಆಗುತ್ತವೆ. ದ್ರಾವಣ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ.

ನನ್ನ ಲೆಕ್ಕದಲ್ಲಿ ಇವುಗಳಲ್ಲಿ ತುಂಟ ಆಕ್ಸಲೇಟೇ. ಹೈಡ್ರೇಟ್ (ಅಲ್ಯುಮಿನಿಯಂ ಹೈಡ್ರಾಕ್ಸೈಡ್) ಹರಳುಗಟ್ಟುವ ತೊಟ್ಟಿಯಲ್ಲೇ ಸೋಡಿಯಂ ಆಕ್ಸಲೇಟ್ ಸೂಜಿ ಸೂಜಿಯಾಗಿ ಉದುರಿ, ಹರಳು ದಪ್ಪವಾಗದಂತೆ ಮಾಡಿ ಪುಡಿ ಹೆಚ್ಚಿಸುತ್ತದೆ.

ಒಟ್ಟು ಸಾವಯವ ಇಂಗಾಲ ಅಳೆದರೆ ಕಸ ಎಷ್ಟಿದೆಯೆಂದು ತಿಳಿದೀತು, ಯಾವುದೆಂದು ತಿಳಿಯದು. ಅದಕ್ಕೆ ಲಿಕ್ವಿಡ್ ಕ್ರೊಮ್ಯಾಟೊಗ್ರಫಿ. ನಿಜವಾದ ಕಷ್ಟ ಯಂತ್ರದ್ದಲ್ಲ, ಸ್ಯಾಂಪಲ್ಲಿನದು. ಕ್ಷಾರವನ್ನು ಅವಸರದಲ್ಲಿ ತಟಸ್ಥಗೊಳಿಸಿದರೆ ಅಲ್ಯುಮಿನಿಯಂ ಲೋಳೆಯಂತೆ ಗಟ್ಟಿಯಾಗಿ ಕಾಲಮ್ಮನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಚೆನ್ನಾಗಿ ನೀರು ಬೆರೆಸಿ, ಆಮ್ಲ ರೂಪದ ಕ್ಯಾಟಯಾನ್ ರೆಸಿನ್ ಮೂಲಕ ಹಾಯಿಸಿ ಸೋಡಿಯಂ, ಅಲ್ಯುಮಿನಿಯಂ ಎರಡನ್ನೂ ತೆಗೆಯುತ್ತೇವೆ. ಆಮೇಲೆ ತೆಳು ಸಲ್ಫ್ಯೂರಿಕ್ ಆಮ್ಲದ ಹರಿವಿನಲ್ಲಿ ಪ್ರತಿ ಆಮ್ಲವೂ ತನ್ನ ಹೊತ್ತಿಗೆ ಹೊರಬರುತ್ತದೆ. 210 ನ್ಯಾನೊಮೀಟರ್ ಅತಿನೇರಳೆ ಬೆಳಕಿನಲ್ಲಿ ಶಿಖರವಾಗಿ ಕಾಣುತ್ತದೆ. ಪ್ರಬಲ ಆಮ್ಲವಾದ ಆಕ್ಸಾಲಿಕ್ ಮೊದಲೇ ನುಗ್ಗುತ್ತದೆ, ಅಸಿಟಿಕ್ ನಿಧಾನ.

ಆಕ್ಸಲೇಟ್ ಶಿಖರ ವಾರದಿಂದ ವಾರಕ್ಕೆ ಬೆಳೆದರೆ ಪ್ಲಾಂಟಿಗೆ ಫೋನು ಹೋಗುತ್ತದೆ: ಪಕ್ಕದ ಹರಿವಿನಲ್ಲಿ ಅದನ್ನು ಹರಳುಗಟ್ಟಿಸಿ ಸೋಸಿ ತೆಗೆಯಬೇಕು.